ಕಾಡು ನೋಡಾಕ ಹೋಗೂಣ ಬರ್ರಿ
(ಮಹಿಳಾ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಊರು ಬಿಟ್ಟು ಯಾವಾಗ ಹೋಗತೀವಿ? ಜಾತ್ರೆಗೆ ಹೋಗತೀವಿ. ಮದುವೆಗೆ ಹೋಗತೀವಿ. ದವಾಖಾನೆಗೆ ಹೋಗತೀವಿ. ಕಾಡು ನೋಡಲು ಯಾರಾದರೂ ಹೋಗಿದ್ದೀರೇನು? "ಕಾಡಿನ್ಯಾಗ ನೋಡಾಕ ಏನೈತಿ?" ಅಂತ ನಗಬೇಡ್ರಿ. ನಮ್ಮ ಕೊಡದ ನೀರು ಬರುವುದು ಅಲ್ಲಿಂದಲೇ.

ನಿಪ್ಪಾಣಿಯಿಂದ ದೇವಗಡಕ್ಕೆ ಒಂದು ರಸ್ತೆ ಇದೆ. ಆ ರಸ್ತೆಯಲ್ಲಿ ರಾಧಾನಗರಿ ಊರು ಬರುತ್ತದೆ. ಮುಂದೆ ದಾಜೀಪುರ ಬರುತ್ತದೆ. ಇದು ಕೊಲ್ಲಾಪುರ ಜಿಲ್ಲೆ. ಅಲ್ಲಿ ದೊಡ್ಡ ಕಾಡು ಇದೆ. ೧೯೫೮ರಲ್ಲಿ ಸರಕಾರ ಆ ಕಾಡನ್ನು ಕಾಡುಕೋಣಗಳ ಅಭಯಾರಣ್ಯ ಮಾಡಿತು. ಅಭಯ ಅಂದರೆ ಅಂಜಿಕೆ ಇಲ್ಲದ್ದು. ಅಲ್ಲಿ ಪ್ರಾಣಿಗಳಿಗೆ ಬೇಟೆಯ ಅಂಜಿಕೆ ಇರಬಾರದು. ೨೦೧೨ರಲ್ಲಿ ಪಶ್ಚಿಮ ಘಟ್ಟಕ್ಕೆ ವಿಶ್ವ ಪರಂಪರೆಯ ಮಾನ ಸಿಕ್ಕಿತು. ಆ ಪಟ್ಟಿಯಲ್ಲಿ ಈ ಕಾಡೂ ಇದೆ.

ಆ ಕಾಡಿನ ಮಳೆನೀರು ಎರಡು ಡ್ಯಾಮಿಗೆ ಹರಿಯುತ್ತದೆ. ಒಂದು ರಾಧಾನಗರಿ ಡ್ಯಾಮು. ಇದು ಭೋಗಾವತಿ ಹೊಳೆಗೆ ಕಟ್ಟಿದ್ದು. ನೂರು ವರ್ಷದ ಹಿಂದೆಯೇ ಶಾಹೂ ಮಹಾರಾಜರು ಇದರ ಕೆಲಸ ಶುರು ಮಾಡಿಸಿದರು. ಇನ್ನೊಂದು ಕಾಳಮ್ಮವಾಡಿ ಡ್ಯಾಮು. ಇದು ದೂಧಗಂಗೆಗೆ ಕಟ್ಟಿದ್ದು. ಭೋಗಾವತಿ ಪಂಚಗಂಗೆಗೆ ಸೇರುತ್ತಾಳೆ. ಪಂಚಗಂಗೆ ನರಸೋಬಾ ವಾಡಿಯಲ್ಲಿ ಕೃಷ್ಣೆಗೆ ಸೇರುತ್ತಾಳೆ. ದೂಧಗಂಗೆ ಸದಲಗಾ ಕಡೆಯಿಂದ ಬಂದು ಕೃಷ್ಣೆಗೆ ಸೇರುತ್ತಾಳೆ. ಅದೇ ಕೃಷ್ಣೆ ಚಿಕ್ಕೋಡಿ, ಕಾಗವಾಡ, ರಾಯಬಾಗ, ಅಥಣಿ ಸೀಮೆಗೆ ನೀರು ಕೊಡುತ್ತಾಳೆ.

೨೦೦೫, ೨೦೧೯, ೨೦೨೧ರ ಮಹಾಪೂರ ನಮಗೆ ನೆನಪಿದೆ. ಹೊಳೆ ಮನೆಯೊಳಗೆ ಬಂದಿತ್ತು. ಕಾಡಿನ ಮಣ್ಣು ಮಳೆನೀರನ್ನು ಹೀರಿಕೊಳ್ಳುತ್ತದೆ. ಆಮೇಲೆ ಸಾವಕಾಶ ಬಿಡುತ್ತದೆ. ಮಹಾಮಳೆ ಸುರಿದರೆ ಕಾಡೊಂದೇ ಎಲ್ಲ ನೀರನ್ನೂ ತಡೆಯಲಾರದು. ಆದರೆ ಕಾಡು ಹೋದರೆ ಮಣ್ಣು ಕೊಚ್ಚಿ ಹೋಗುತ್ತದೆ. ಡ್ಯಾಮಿನಲ್ಲಿ ಹೂಳು ತುಂಬುತ್ತದೆ. ಬೇಸಿಗೆಯಲ್ಲಿ ಝರಿ ಬತ್ತುತ್ತವೆ. ಅದಕ್ಕೇ ಆ ಕಾಡನ್ನು ಕಣ್ಣಾರೆ ನೋಡಬೇಕು.

ಹಾಗಾದರೆ ಹೆಂಗ ಹೋಗೂದು? ಹೋಗುವ ದಿನದ ಕೆಲಸ ಮನೆಯಲ್ಲೇ ಶುರುವಾಗಬೇಕು. ಒಂದು ವಹಿ ತಗೊಳ್ರಿ. ಒಂದು ಪೆನ್ನು ತಗೊಳ್ರಿ. ಈಗ ನಮಗೆ ಬರೆಯಲು ಬರುತ್ತದಲ್ಲ!

ಮೊದಲು ಬರೆಯಿರಿ: ಯಾವಾಗ? ಮಳೆಗಾಲದಲ್ಲಿ ಬೇಡ. ಆಗ ಕಾಡಿನ ದಾರಿ ಮುಚ್ಚುತ್ತಾರೆ. ಜಿಗಣೆ ಕಾಟವೂ ಬಹಳ. ದೀಪಾವಳಿ ಮುಗಿದ ಮೇಲೆ ಚಲೋ. ಆದರೆ ಆಗ ಕಬ್ಬಿನ ಸುಗ್ಗಿ ಇರುತ್ತದೆ. ಎಲ್ಲರಿಗೂ ಕೂಲಿ ತಪ್ಪದ ದಿನ ಯಾವುದು, ಕೂತು ಮಾತಾಡಿರಿ. ಅರಣ್ಯ ಇಲಾಖೆಗೆ ಮೊದಲೇ ಫೋನ್ ಮಾಡಿರಿ. ಯಾವ ದಿನ ತೆರೆದಿರುತ್ತದೆ? ಟಿಕೆಟ್ ಎಷ್ಟು? ನಡೆಯಲು ಎಲ್ಲಿಯವರೆಗೆ ಬಿಡುತ್ತಾರೆ? ದಾರಿ ತೋರಿಸಲು ಜನ ಸಿಗುತ್ತಾರೋ? ಹೆಂಗಸರಿಗೆ ಪಾಯಖಾನೆ ಎಲ್ಲಿದೆ? ಕೊನೆಯ ಪ್ರಶ್ನೆ ಕೇಳಲು ನಾಚಬೇಡ್ರಿ. ಅದು ಎಲ್ಲರಿಗೂ ಬೇಕಾದ ಮಾತು.

ಎರಡನೆಯದು: ರೊಕ್ಕ. ಬಸ್ಸಿಗೆ ಹೋದರೆ ಖರ್ಚು ಕಡಿಮೆ. ೨೦೨೩ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ನಿಪ್ಪಾಣಿಯವರೆಗೆ ನಮ್ಮ ಸರಕಾರಿ ಬಸ್ಸಿಗೆ ರೊಕ್ಕ ಬೇಡ. ಗುರುತಿನ ಕಾರ್ಡು ತೋರಿಸಬೇಕು. ಮುಂದೆ ಮಹಾರಾಷ್ಟ್ರದ ಎಸ್.ಟಿ. ಬಸ್ಸು. ಅವರೂ ೨೦೨೩ರ ಮಾರ್ಚ್‌ನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್ ಮಾಡಿದರು. ನಮಗೂ ಸಿಗುತ್ತದೋ ಇಲ್ಲವೋ, ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿರಿ. ರಾಯಬಾಗ, ಕುಡಚಿ, ಉಗಾರ ಕಡೆಯವರು ರೈಲಿನಲ್ಲಿ ಮಿರಜಕ್ಕೆ ಹೋಗಬಹುದು. ಅಲ್ಲಿಂದ ಕೊಲ್ಲಾಪುರಕ್ಕೆ ಹೋಗಬಹುದು.

ಬಾಡಿಗೆ ಗಾಡಿ ಮಾಡಿದರೆ ಲೆಕ್ಕ ಹಾಕಿರಿ. ಬಾಡಿಗೆ ೬,೦೦೦ ರೂಪಾಯಿ ಅಂತ ಹಿಡಿಯೋಣ. ೧೨ ಜನ ಇದ್ದರೆ ತಲೆಗೆ ೫೦೦ ರೂಪಾಯಿ. ವಾರಕ್ಕೆ ೫೦ ರೂಪಾಯಿ ಉಳಿಸಿದರೆ ೧೦ ವಾರ ಸಾಕು.

ಒಂದು ಮಾತು ನೆನಪಿಡ್ರಿ. ಗಡಿ ದಾಟಿದ ಮೇಲೆ ಬೋರ್ಡು ಮರಾಠಿಯಲ್ಲಿ ಇರುತ್ತದೆ. ನಮ್ಮಲ್ಲಿ ಬಹಳ ಜನಕ್ಕೆ ಮರಾಠಿ ಮಾತು ಬರುತ್ತದೆ. ಆದರೆ ಅದರ ಅಕ್ಷರ ಬೇರೆ, ಅಂಕಿಯೂ ಬೇರೆ. ಮರಾಠಿ ಓದುವವರು ಒಬ್ಬರಾದರೂ ಜೊತೆಗಿರಲಿ. ಊರ ಹೆಸರನ್ನು ಎರಡೂ ಅಕ್ಷರದಲ್ಲಿ ಚೀಟಿಯ ಮೇಲೆ ಬರೆಸಿಕೊಳ್ಳಿರಿ.

ಮೂರನೆಯದು: ಗಂಟು. ರೊಟ್ಟಿ, ಶೇಂಗಾ ಚಟ್ನಿ, ಕುಡಿಯುವ ನೀರು ಬೇಕು. ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರು ಗುಳಿಗೆ ಮರೆಯಬಾರದು. ಹೊಲಕ್ಕೆ ಹೋಗುವಾಗ ಉಡುವ ಹಾಗೆ ಸೀರೆ ಉಡಿರಿ. ಕಾಲಿಗೆ ಬೂಟು ಇದ್ದರೆ ಚಲೋ. ಜಾರುವ ಚಪ್ಪಲಿ ಬೇಡ. ಪ್ಲಾಸ್ಟಿಕ್ ಚೀಲ ಬೇಡ, ಅರಿವೆ ಚೀಲ ಇರಲಿ.

ನಾಲ್ಕನೆಯದು: ಮನೆಯವರಿಗೆ ಒಂದು ಚೀಟಿ. "ಯಾರ ಜೊತಿ ಹೊಂಟಿ? ಯಾವಾಗ ಬರತಿ?" ಅಂತ ಮನೆಯಲ್ಲಿ ಕೇಳುತ್ತಾರೆ. ಎಲ್ಲರ ಹೆಸರು, ಗಾಡಿ ನಂಬರು, ತಿರುಗಿ ಬರುವ ಹೊತ್ತು ಬರೆದು ಗೋಡೆಗೆ ಅಂಟಿಸಿರಿ. ಕಾಡಿನಲ್ಲಿ ಫೋನು ಹತ್ತದೆ ಹೋಗಬಹುದು. ಚೀಟಿ ಇದ್ದರೆ ಮನೆಯವರಿಗೂ ಧೈರ್ಯ, ನಮಗೂ ಧೈರ್ಯ.

ಇನ್ನು ಕಾಡಿನ ಒಳಗಿನ ರೀತಿ ಕೇಳಿರಿ. ಹೋಗುವಾಗ ತಲೆ ಎಣಿಸಿರಿ. ಬರುವಾಗ ಮತ್ತೆ ಎಣಿಸಿರಿ. ಮೊಣಕಾಲು ನೋವಿನ ಅವ್ವ ಮುಂದೆ ನಡೆಯಲಿ. ಉಳಿದವರು ಅವರ ಹಿಂದೆ ಸಾವಕಾಶ ನಡೆಯಿರಿ. ಹಾಡು, ಗದ್ದಲ ಬೇಡ. ಬೆಂಕಿ ಹಚ್ಚಬಾರದು. ಒಣ ಕಟ್ಟಿಗೆ ಕಂಡರೆ ನಮ್ಮ ಕೈ ತಾನೇ ಹೋಗುತ್ತದೆ. ಆದರೆ ಅಭಯಾರಣ್ಯದಲ್ಲಿ ಕಟ್ಟಿಗೆ, ಹೂವು, ಕಾಯಿ ಏನೂ ತರುವಂತಿಲ್ಲ. ೧೯೭೨ರ ವನ್ಯಜೀವಿ ಕಾಯಿದೆ ಅಲ್ಲಿ ನಡೆಯುತ್ತದೆ.

ಕಾಡುಕೋಣಕ್ಕೆ ಮರಾಠಿಯಲ್ಲಿ ಗವಾ ಅಂತಾರೆ. ಕರೀ ಮೈ, ಬಿಳಿ ಕಾಲು. ಕಾಲುಚೀಲ ಹಾಕಿದ ಹಾಗೆ ಕಾಣುತ್ತದೆ. ದೊಡ್ಡ ಗಂಡು ಎಂಟು-ಹತ್ತು ಕ್ವಿಂಟಲ್ ತೂಗಬಹುದು. ಅದು ನಮ್ಮ ಮನೆಯ ಎಮ್ಮೆ ಅಲ್ಲ. ಕಂಡರೆ ಸುಮ್ಮನೆ ನಿಲ್ಲಿರಿ. ಸಾವಕಾಶ ಹಿಂದೆ ಸರಿಯಿರಿ. ಫೋಟೋ ತೆಗೆಯಲು ಹತ್ತಿರ ಹೋಗಬೇಡ್ರಿ. ಗುಂಪು ಕಟ್ಟಿ ಸುತ್ತ ನಿಲ್ಲಬೇಡ್ರಿ. ದಾರಿ ಸಿಕ್ಕರೆ ಅದೇ ಹೋಗುತ್ತದೆ. ಹೊತ್ತು ಮುಳುಗುವ ಮೊದಲೇ ಕಾಡಿನಿಂದ ಹೊರಗೆ ಬನ್ನಿರಿ.

ಅಕ್ಕಂದಿರೇ, ಇಷ್ಟು ದಿನ ಯಾರೋ ಕರೆದರೆ ಹೋಗುತ್ತಿದ್ದೆವು. ದಿನ ಅವರದು, ದಾರಿ ಅವರದು, ಲೆಕ್ಕ ಅವರದು. ಈಗ ದಿನ ನಾವು ಗೊತ್ತು ಮಾಡೋಣ. ಲೆಕ್ಕ ನಾವು ಬರೆಯೋಣ. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಒಂದು ಹಾಳೆ ತನ್ನಿರಿ. ಅದರ ಮೇಲೆ ನಿಮ್ಮ ಹೆಸರು, ನಿಮಗೆ ಅನುಕೂಲವಾದ ದಿನ, ಮತ್ತು ಅರಣ್ಯದವರಿಗೆ ಕೇಳಬೇಕಾದ ಒಂದು ಪ್ರಶ್ನೆ ಇರಲಿ. ನಿಮ್ಮ ಕೈಯಾರೆ ಬರೆದಿರಬೇಕು. ಎಲ್ಲ ಹಾಳೆ ಕೂಡಿಸಿ ದಿನ ಗೊತ್ತು ಮಾಡೋಣ.