ಲಕೋಟೆಯಲ್ಲಿ ಬರುತ್ತಿದ್ದ ತೆನೆ ಹಬ್ಬ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ)



ಸೆಪ್ಟೆಂಬರ್ ಮೊದಲ ವಾರ ಬಂತೆಂದರೆ ಮುಂಬಯಿಯಲ್ಲಿ ಮಳೆ ಹೋಯಿತೋ ಇನ್ನೂ ಇದೆಯೋ ಎಂಬ ಅನುಮಾನ ಎಲ್ಲರಿಗೂ. ಕೊಡೆ ಬಿಟ್ಟು ಹೊರಟ ದಿನ ಸ್ಟೇಶನ್ನಿನಿಂದ ಮನೆಗೆ ಬರುವಷ್ಟರಲ್ಲಿ ತೊಯ್ದು ತೊಪ್ಪೆಯಾಗುತ್ತೇವೆ. ಕೊಡೆ ಹಿಡಿದ ದಿನ ಸುಡು ಬಿಸಿಲು. ನನಗೆ ಮಾತ್ರ ಈ ಎಡೆಬಿಡಂಗಿ ವಾರ ತುಂಬ ಇಷ್ಟ. ಯಾಕೆಂದರೆ ಸೆಪ್ಟೆಂಬರ್ 8ರಂದು ನಮ್ಮ ತೆನೆ ಹಬ್ಬ.

ಇಗರ್ಜಿಯ ಕ್ಯಾಲೆಂಡರಿನಲ್ಲಿ ಅದು ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಡಿಸೆಂಬರ್ 8ರ ಅಮಲೋದ್ಭವ ಮಾತೆಯ ಹಬ್ಬದಿಂದ ಎಣಿಸಿದರೆ ಸರಿಯಾಗಿ ಒಂಬತ್ತು ತಿಂಗಳು. ದಕ್ಷಿಣ ಕನ್ನಡ ಉಡುಪಿ ಕಡೆಯ ಕೊಂಕಣಿ ಕ್ರೈಸ್ತರಾದ ನಾವು ಅದನ್ನು ಮೊಂತಿ ಫೆಸ್ತ್ ಎನ್ನುತ್ತೇವೆ. ನಮ್ಮ ತುಳು ನೆರೆಕರೆಯವರು ಕುರಲ್ ಪರ್ಬ ಎನ್ನುತ್ತಾರೆ. ಕುರಲ್ ಎಂದರೆ ತೆನೆ. ನನಗೆ ಅವರು ಇಟ್ಟ ಹೆಸರೇ ಹೆಚ್ಚು ಸರಿ ಎನಿಸುತ್ತದೆ. ಮೊಂತಿ ಎಂಬುದು ಬೆಟ್ಟಕ್ಕೆ ಇರುವ ಪೋರ್ಚುಗೀಸ್ ಮಾತಿನಿಂದ ಬಂದದ್ದು. ಮಂಗಳೂರಿಗೆ ಹತ್ತಿರದ ಫರಂಗಿಪೇಟೆಯಲ್ಲಿ, ನೇತ್ರಾವತಿಯ ದಂಡೆಯಲ್ಲಿ, ಮೊಂತೆ ಮರಿಯಾನೊ ಎಂಬ ಹಳೆಯ ಇಗರ್ಜಿ ಇದೆ. ಗೋವೆಯಿಂದ ಬಂದ ಪಾದ್ರಿ ಜೋಕಿಂ ಮಿರಾಂದಾ ಅವರು 1763ರಲ್ಲಿ ಈ ಹಬ್ಬವನ್ನು ಅಲ್ಲಿ ಶುರುಮಾಡಿದರು ಎಂದು ನಮ್ಮಲ್ಲಿ ಹೇಳಿಕೊಂಡು ಬಂದಿದ್ದಾರೆ. ಹೊಸ ತೆನೆಯನ್ನು ಮಂತ್ರಿಸುವ ಪದ್ಧತಿ ಗೋವೆಯಲ್ಲೂ ಉಂಟು. ಅಲ್ಲಿ ರಾಯ ಎಂಬ ಊರಿನಲ್ಲಿ ಆಗಸ್ಟ್ 5ಕ್ಕೇ ಮುಗಿದಿರುತ್ತದೆ.

ಇಗರ್ಜಿಯ ವರ್ಷಕ್ಕೆ ಅದರದೇ ಋತುಗಳಿವೆ. ಆಗಮನ ಕಾಲ, ತಪಸ್ಸುಕಾಲ, ಪಾಸ್ಕ ಕಾಲ. ಅವು ಬೇರೆ ದೇಶದ ಹವೆಯಲ್ಲಿ ಹುಟ್ಟಿದವು. ನಮ್ಮ ಏಪ್ರಿಲ್ ಮೇ ತಿಂಗಳ ಸೆಕೆಗೂ ಅವುಗಳಿಗೂ ಸಂಬಂಧ ಕಡಿಮೆ. ಆದರೆ ಒಂದು ಕಡೆ ಮಾತ್ರ ಎರಡೂ ಕೂಡಿಬರುತ್ತವೆ. ಹೆಚ್ಚುಕಡಿಮೆ ಜೂನ್ ಹೊತ್ತಿಗೆ ಪೂಜೆಯಲ್ಲಿ ಪಾದ್ರಿಗಳು ಹಸಿರು ವಸ್ತ್ರ ಉಡಲು ಶುರುಮಾಡುತ್ತಾರೆ. ಸಾಧಾರಣ ಕಾಲದ ಬಣ್ಣ ಅದು. ನಮ್ಮೂರಲ್ಲಿ ಆಗಲೇ ಏಣೆಲು ಬೆಳೆಯ ನೇಜಿ ನೆಡುವ ಸಮಯ. ಪೀಠದ ಎದುರೂ ಹಸಿರು, ಇಗರ್ಜಿಯ ಕಿಟಕಿಯಾಚೆಯೂ ಹಸಿರು. ಚಿಕ್ಕವಳಿದ್ದಾಗ ಪಾದ್ರಿಗಳು ಗದ್ದೆ ನೋಡಿಯೇ ಆ ಬಟ್ಟೆ ಆರಿಸುತ್ತಾರೆ ಎಂದು ನಾನು ನಂಬಿದ್ದೆ. ಆ ತಪ್ಪು ತಿಳುವಳಿಕೆಯನ್ನು ಯಾರೂ ತಿದ್ದಲಿಲ್ಲ, ನಾನೂ ಬಿಡಲಿಲ್ಲ.

ಆಟಿ ತಿಂಗಳು ನಮ್ಮಲ್ಲಿ ಕಷ್ಟದ ತಿಂಗಳು. ಹಳೆ ಅಕ್ಕಿ ಮುಗಿಯುತ್ತ ಬಂದಿರುತ್ತದೆ, ಹೊಸತು ಗದ್ದೆಯಲ್ಲಿ ಇನ್ನೂ ಹುಲ್ಲು. ಕೆಸುವಿನ ಎಲೆ, ಹಲಸಿನ ಬೀಜ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಇವುಗಳಲ್ಲೇ ದಿನ ದೂಡಬೇಕು. ಆಟಿ ಕಳೆದು ಸೋಣ ಬಂದಾಗ ಮಳೆ ಸ್ವಲ್ಪ ಬಿಡುವು ಕೊಡುತ್ತದೆ, ಗುಡ್ಡದಲ್ಲಿ ಹೂ ಅರಳುತ್ತದೆ. ಆಗಸ್ಟ್ 30ಕ್ಕೆ ನಮ್ಮ ಒಂಬತ್ತು ದಿನಗಳ ನೊವೆನಾ ಆರಂಭ. ಮಕ್ಕಳೆಲ್ಲ ದಿನವೂ ಬುಟ್ಟಿಯಲ್ಲಿ, ತಟ್ಟೆಯಲ್ಲಿ ಹೂ ತುಂಬಿಕೊಂಡು ಹೋಗಿ ಬಾಲ ಮರಿಯಮ್ಮನ ಮೂರ್ತಿಗೆ ಹಾಕಬೇಕು. ಗೋರಂಟೆ, ದಾಸವಾಳ, ಗೌರಿಹೂ, ಏನೂ ಸಿಗದಿದ್ದರೆ ಬೇಲಿಯ ಕಾಡುಹೂ. ನೆರೆಮನೆಯ ಭಟ್ಟರ ಅಂಗಳದಿಂದ ಕೇಳದೆ ಕೊಯ್ದ ದಾಸವಾಳವೂ ಅದರಲ್ಲಿ ಇರುತ್ತಿತ್ತು. ಅವರಿಗೆ ಗೊತ್ತಿತ್ತು. ಆ ಒಂಬತ್ತು ದಿನ ಅವರು ದೇವರ ಪೂಜೆಗೆ ಹೂ ಕೊಯ್ಯಲು ನಮಗಿಂತ ಮುಂಚೆ ಏಳುತ್ತಿದ್ದರು, ಅಷ್ಟೆ.

ಎಂಟನೆಯ ತಾರೀಕಿನಂದು ಗದ್ದೆಯಿಂದ ತಂದ ತೆನೆಯನ್ನು ಪಾದ್ರಿಗಳು ಮಂತ್ರಿಸುತ್ತಾರೆ. ಮೆರವಣಿಗೆಯಲ್ಲಿ ಇಗರ್ಜಿಗೆ ತಂದು, ಪೂಜೆಯಾದ ಮೇಲೆ ಮನೆಗೊಂದರಂತೆ ಹಂಚುತ್ತಾರೆ. ಮಕ್ಕಳಿಗೆ ಕಬ್ಬು. ಮನೆಗೆ ಬಂದು ತೆನೆಯನ್ನು ಅಲ್ತಾರಿನ ಮುಂದಿಟ್ಟು, ಕೆಲವು ಕಾಳು ಸುಲಿದು ಪುಡಿ ಮಾಡಿ, ತೆಂಗಿನ ಹಾಲು ಬೆಲ್ಲದ ಪಾಯಸಕ್ಕೆ ಹಾಕುತ್ತಾರೆ. ಅದೇ ನೊವೆಂ, ಹೊಸತು ಎಂದರ್ಥ. ಆ ದಿನ ಮೀನಿಲ್ಲ ಮಾಂಸವಿಲ್ಲ, ಬಾಳೆಲೆಯ ಊಟ. ಪಲ್ಯ ಗಸಿಗಳ ಲೆಕ್ಕ ಬೆಸವಾಗಿರಬೇಕು. ಐದೋ, ಏಳೋ, ಅನುಕೂಲವಿದ್ದರೆ ಒಂಬತ್ತೋ. ಹರಿವೆ, ಬೆಂಡೆ, ಹೀರೆ, ಅಲಸಂಡೆ, ಹಾಗಲ, ಅಂಬಟೆ, ಕೆಸುವಿನ ದಂಟು. ಮೀನಿಲ್ಲದೆ ಗಂಟಲಲ್ಲಿ ತುತ್ತಿಳಿಯದ ನಮ್ಮ ಜನ ವರ್ಷಕ್ಕೊಮ್ಮೆ ಇಷ್ಟು ಸಂತೋಷದಿಂದ ಸೊಪ್ಪು ತಿನ್ನುವುದು ಒಂದು ಪವಾಡವೇ ಸರಿ. ಹಿರಿಯರು ಪ್ರಾರ್ಥನೆ ಹೇಳಿ ಮೊದಲ ಚಮಚ ನೊವೆಂ ತೆಗೆದುಕೊಂಡ ಮೇಲೆಯೇ ಉಳಿದವರಿಗೆ.

ಊರಲ್ಲಿ ಇಲ್ಲದವರಿಗೆ? ಅವರ ಪಾಲು ಅಂಚೆಯಲ್ಲಿ ಬರುತ್ತಿತ್ತು. ಮುಂಬಯಿ, ಕೊಲ್ಲಿ ದೇಶ, ಎಲ್ಲಿದ್ದರೂ ಸರಿ, ಮಂತ್ರಿಸಿದ ತೆನೆಯ ನಾಲ್ಕು ಕಾಳನ್ನು ಕಾಗದದಲ್ಲಿ ಮಡಚಿ ಲಕೋಟೆಗೆ ಹಾಕಿ ಕಳಿಸುವುದು ನಮ್ಮಲ್ಲಿ ಮನೆಮನೆಯ ರೂಢಿ.

ಮದುವೆಯಾಗಿ ನಾನು ಕುರ್ಲಾದ ಚಾಳಿಗೆ ಬಂದದ್ದು 1981ರಲ್ಲಿ. ಆಗಿನ್ನೂ ಕೊಂಕಣ ರೈಲು ಇರಲಿಲ್ಲ, ಮತ್ಸ್ಯಗಂಧ ಓಡಲು 1998ರ ತನಕ ಕಾಯಬೇಕಿತ್ತು. ಊರೆಂದರೆ ಬಸ್ಸಿನಲ್ಲಿ ಇಡೀ ಒಂದು ದಿನ, ಒಂದು ರಾತ್ರಿ. ಹಬ್ಬಕ್ಕೆ ಹೋಗುವ ಮಾತೇ ಇಲ್ಲ. ನಮ್ಮ ಮಾಂಯ್, ಅಂದರೆ ಅಮ್ಮ, ಪ್ರತಿ ವರ್ಷ ಲಕೋಟೆ ಕಳಿಸುತ್ತಿದ್ದಳು. ಅದು ಬಂದ ಮೇಲಿನ ಭಾನುವಾರ ನಮಗೆ ಹಬ್ಬ. ಮಾಟುಂಗಾ ಮಾರ್ಕೆಟ್ಟಿಗೆ ಹೋಗಿ ಬಾಳೆಲೆ, ಕೆಸು ಎಲ್ಲ ತರುವುದು ಯಜಮಾನರ ಕೆಲಸ.

1986ರಲ್ಲಿ ಲಕೋಟೆ ಬಂತು, ಕಾಳು ಬರಲಿಲ್ಲ. ಒಂದು ಮೂಲೆ ಹರಿದಿತ್ತು. ಒಳಗೆ ಮಾಂಯ್ ಬರೆದ ಕಾಗದ, ಮಡಿಕೆಯಲ್ಲಿ ಒಂದಿಷ್ಟು ಹೊಟ್ಟು, ಇನ್ನೇನಿಲ್ಲ. ನಾನು ಆಗ ಎರಡನೆಯ ಮಗುವಿನ ಬಸುರಿ. ಸಣ್ಣ ವಿಷಯ, ಆದರೆ ನನಗೆ ತಡೆಯಲಾಗಲಿಲ್ಲ. ಹೊಸ್ತಿಲಲ್ಲಿ ಕೂತು ಗೋಳೋ ಎಂದು ಅತ್ತೆ. ಎದುರಿನ ಖೋಲಿಯ ಅಕ್ಕ ಓಡಿ ಬಂದರು. ಬಂಟರು, ಉಡುಪಿ ಕಡೆಯವರು, ಯಜಮಾನರು ಹೋಟೆಲಿನಲ್ಲಿ ಕೆಲಸ. ಚೌತಿಗೆ ಊರಿಗೆ ಹೋಗಿದ್ದವರು ಹಿಂದಿನ ದಿನವಷ್ಟೇ ಮರಳಿದ್ದರು. “ಎಂಥಕ್ಕೆ ಬಾಯಮ್ಮ ಅಳುವುದು? ಊರಲ್ಲಿ ಯಾರಿಗಾದರೂ ಏನಾದರೂ ಆಯಿತಾ?” ಎಂದರು. ಲಕೋಟೆ ತೋರಿಸಿದೆ. ಒಂದು ಗಳಿಗೆ ಸುಮ್ಮನಿದ್ದು ಒಳಗೆ ಹೋದರು. ಊರ ಮನೆಯಿಂದ ತಂದು ಬಾಗಿಲ ಮೇಲೆ ಕಟ್ಟಿದ್ದ ತೆನೆಯಿಂದ ಒಂದು ಕಡ್ಡಿ ಮುರಿದು ತಂದು ನನ್ನ ಕೈಗಿಟ್ಟರು. “ನಮ್ಮದೂ ಅದೇ ಮಳೆಯದ್ದಲ್ಲವಾ” ಎಂದರು.

ತುಳುನಾಡಿನ ಮನೆಗಳಲ್ಲಿ ಹೊಸ ತೆನೆಯನ್ನು ಒಳಗೆ ತಂದು ಕಂಬಕ್ಕೆ, ಬಾಗಿಲಿಗೆ, ದೇವರ ಕೋಣೆಗೆ ಕಟ್ಟುತ್ತಾರೆಂದು ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಮನೆಗೆ ಕಟ್ಟಿದ ತೆನೆಯನ್ನು ಮುರಿದು ಬೇರೆಯವರಿಗೆ ಕೊಡುವುದು ಸುಲಭದ ಮಾತಲ್ಲ. ನನಗೂ ಅದನ್ನು ತಿನ್ನುವುದು ಸುಲಭವಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಪಾದ್ರಿಗಳು ಮಂತ್ರಿಸಿದ್ದಲ್ಲವಲ್ಲ ಎಂಬ ಅಳುಕು ಇತ್ತು. ಭಾನುವಾರ ಅದನ್ನೇ ಪಾಯಸಕ್ಕೆ ಹಾಕಿ, ಶಿಲುಬೆ ಗುರುತು ಮಾಡಿ ಉಂಡೆವು. ಆಮೇಲೆ ಮಾಂಯ್‌ಗೆ ಎಲ್ಲವನ್ನೂ ಬರೆದು, ನಾನು ಮಾಡಿದ್ದು ಸರಿಯೇ ಎಂದು ಕೇಳಿದೆ. ಎರಡು ಸಾಲಿನ ಉತ್ತರ ಬಂತು. ಉಂಡಿರಲ್ಲ, ಸಾಕು, ಆ ಅಕ್ಕನಿಗೆ ನೀನು ಏನು ಕೊಟ್ಟೆ?

ನಾನು ಏನೂ ಕೊಟ್ಟಿರಲಿಲ್ಲ. ಪಾಯಸ ಕೂಡ ಕೊಟ್ಟಿರಲಿಲ್ಲ. ನಮ್ಮ ಹಬ್ಬ, ಅವರಿಗೆ ಸರಿಯಾಗುತ್ತದೋ ಇಲ್ಲವೋ ಎಂದು ನಾನೇ ತೀರ್ಮಾನಿಸಿದ್ದೆ. ಮರುವರ್ಷದಿಂದ ನಮ್ಮ ಎಲೆಗಳ ಜೊತೆ ಅವರ ಎಲೆಯನ್ನೂ ಹಾಕಿದೆ. ಅವರು ಚಾಳು ಬಿಟ್ಟು ಹೋಗುವ ತನಕ ಅದು ತಪ್ಪಲಿಲ್ಲ.

ಇನ್ನು ನನ್ನ ಗದ್ದೆಯ ಕಥೆ. ನನ್ನ ಗದ್ದೆ ಎಂದೆ, ನೋಡಿ, ಅದೇ ತಕರಾರು. ನಮ್ಮಜ್ಜ ಚಾಲಗೇಣಿ ಒಕ್ಕಲು. 1974ರ ಭೂಸುಧಾರಣೆ ಕಾನೂನಿನಲ್ಲಿ ಪಪ್ಪ ಡಿಕ್ಲರೇಶನ್ ಕೊಟ್ಟು ಎರಡು ಮುಡಿ ಗದ್ದೆ ನಮ್ಮದಾಯಿತು. ಪಪ್ಪನ ನಂತರ ತಮ್ಮ ನೋಡಿಕೊಂಡ. 2011ರಲ್ಲಿ ಮಾಂಯ್ ತೀರಿಕೊಂಡಳು. ತಿಥಿ ಪೂಜೆ ಮುಗಿಸಿ ಗದ್ದೆ ಬದಿಗೆ ಹೋದರೆ ಅಲ್ಲಿ ಅಡಿಕೆ ಸಸಿ ಇಡಲು ಗುಂಡಿ ತೆಗೆಸಿದ್ದಾನೆ. ನನಗೆ ಸಿಟ್ಟು ನೆತ್ತಿಗೇರಿತು. ಮಾಂಯ್ ಇದ್ದಿದ್ದರೆ ಬಿಡುತ್ತಿದ್ದಳಾ ಎಂದೆ. ಅವನು, ನಾಟಿಗೆ ಜನ ಸಿಗುವುದಿಲ್ಲ, ಸಿಕ್ಕಿದರೆ ಸಂಬಳ ಕೊಟ್ಟು ಪೂರೈಸುವುದಿಲ್ಲ, ಬೆಳೆದ ಅಕ್ಕಿಗಿಂತ ಅಂಗಡಿಯ ಅಕ್ಕಿ ಅಗ್ಗ ಎಂದ. ಎಲ್ಲ ನಿಜ. ನಾನು ಮುಂಬಯಿಯಲ್ಲಿ ಕೂತು ಮೂವತ್ತು ವರ್ಷ ಒಂದು ನೇಜಿ ನೆಟ್ಟವಳಲ್ಲ. ಲಕೋಟೆ ಬಂದರೆ ಸಾಕು, ಗದ್ದೆ ಯಾರ ಬೆನ್ನಿನ ಮೇಲೆ ನಿಂತಿದೆ ಎಂದು ಕೇಳಿದವಳೂ ಅಲ್ಲ. ಆದರೂ ಮಾತು ಬೆಳೆಯಿತು, ಬೆಳೆದು ನಿಂತುಹೋಯಿತು. ಮೂರು ವರ್ಷ ನಾವಿಬ್ಬರು ಮಾತಾಡಲಿಲ್ಲ, ಲಕೋಟೆಯೂ ಇಲ್ಲ.

ಹಾಗೆಂದು ಮುಂಬಯಿಯಲ್ಲಿ ತೆನೆಗೆ ಬರಗಾಲವೇನಿಲ್ಲ. ನಮ್ಮವರು ಇರುವ ಇಗರ್ಜಿಗಳಲ್ಲಿ ಊರಿಂದ ರೈಲಿನಲ್ಲಿ ತೆನೆ ತರಿಸುತ್ತಾರೆ. ಈ ನಗರದ ಮೂಲ ನಿವಾಸಿಗಳಾದ ಈಸ್ಟ್ ಇಂಡಿಯನ್ ಕ್ರೈಸ್ತರು ಅಕ್ಟೋಬರ್ ಮೊದಲ ಭಾನುವಾರ ಆಗೇರಾ ಎಂಬ ತಮ್ಮದೇ ಸುಗ್ಗಿ ಹಬ್ಬ ಮಾಡುತ್ತಾರೆ. ಸುತ್ತಲಿನ ಗದ್ದೆಗಳ ಮೇಲೆ ಕಟ್ಟಡ ಎದ್ದರೂ ತೆನೆ ಹೊತ್ತು ಮೆರವಣಿಗೆ ಹೋಗುತ್ತಾರೆ. ಬಾಂದ್ರಾದ ಮೌಂಟ್ ಮೇರಿ ಜಾತ್ರೆಗಂತೂ ಎಲ್ಲ ಧರ್ಮದವರೂ ಮೇಣದ ಕೈ, ಮೇಣದ ಕಾಲು, ಮೇಣದ ಮನೆ ಹಿಡಿದು ಸಾಲು ನಿಲ್ಲುತ್ತಾರೆ. ಆ ಮೂರು ವರ್ಷವೂ ನಮ್ಮ ಇಗರ್ಜಿಯಲ್ಲಿ ನನಗೆ ತೆನೆ ಸಿಕ್ಕಿತು. ತಂದೆ, ಪಾಯಸಕ್ಕೆ ಹಾಕಿದೆ, ಪ್ರಾರ್ಥನೆ ಹೇಳಿದೆ. ದೂರ ಇರುವ ಮನೆಮಂದಿಯನ್ನು ನೆನೆಯುವ ಜಾಗ ಬಂದಾಗ ಮಾತ್ರ ಬೇಗ ಬೇಗ ಹೇಳಿ ಮುಗಿಸುತ್ತಿದ್ದೆ.

ಆ ದಿನಗಳಲ್ಲಿ ನಮ್ಮ ಹಿಂದಿನವರ ನೆನಪು ತುಂಬ ಬರುತ್ತಿತ್ತು. 1784ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಿತು. ಬದುಕಿ ಉಳಿದವರಲ್ಲಿ ಹೆಚ್ಚಿನವರು ಮರಳಿದ್ದು 1799ರ ನಂತರ. ಹದಿನೈದು ಸೆಪ್ಟೆಂಬರ್‌ಗಳು. ಅಲ್ಲಿ ಅವರು ಎಂಟನೆಯ ತಾರೀಕಿನಂದು ಏನು ಉಣ್ಣುತ್ತಿದ್ದರು? ಗದ್ದೆ ಇಲ್ಲ, ಇಗರ್ಜಿ ಇಲ್ಲ. ಆದರೂ ಹಬ್ಬ ನಮ್ಮ ತನಕ ಬಂದಿದೆ. ಹಾಗಾದರೆ ಗದ್ದೆ ಇದ್ದರಷ್ಟೇ ಕೃತಜ್ಞತೆ ಎಂದು ನಾನು ಹಟ ಹಿಡಿದದ್ದು ಎಷ್ಟು ಸರಿ? ಕೇಳಿಕೊಳ್ಳುತ್ತಿದ್ದೆ. ಫೋನು ಮಾತ್ರ ಎತ್ತುತ್ತಿರಲಿಲ್ಲ.

2014ರ ಸೆಪ್ಟೆಂಬರಿನಲ್ಲಿ, ಆಗ ನಾವು ಮೀರಾ ರೋಡಿಗೆ ಬಂದಾಗಿತ್ತು, ಕೊರಿಯರಿನಲ್ಲಿ ಒಂದು ಕವರು ಬಂತು. ತಮ್ಮನ ಅಕ್ಷರ. ಪ್ಲಾಸ್ಟಿಕ್ ಚೀಟಿಗೆ ಎರಡು ಸುತ್ತು ಟೇಪು ಹಚ್ಚಿ ಒಳಗೆ ಕಾಳು ಇಟ್ಟಿದ್ದ. 1986ರ ಕಥೆ ಅವನಿಗೂ ಗೊತ್ತಿತ್ತಲ್ಲ. ಜೊತೆಗೊಂದು ಚೀಟಿ. ಊರ ಇಗರ್ಜಿಯ ಜಾಗದಲ್ಲಿ ಹಡಿಲು ಬಿದ್ದಿದ್ದ ಗದ್ದೆಯನ್ನು ಆ ವರ್ಷ ಯುವಕರೆಲ್ಲ ಸೇರಿ ಸಾಗುವಳಿ ಮಾಡಿದರಂತೆ. ಅವರಿಗೆ ಉಳುಮೆ, ನಾಟಿ ಕಲಿಸಲು ಗೊತ್ತಿದ್ದವರು ಬೇಕಲ್ಲ, ಇವನನ್ನು ಕರೆದರಂತೆ. ಕೊನೆಯ ಸಾಲು: ಇದು ನಾನೇ ನೆಟ್ಟದ್ದು.

ಸಂಜೆ ಫೋನು ಮಾಡಿದೆ. ಏನು ಮಾತಾಡಬೇಕೆಂದು ಗೊತ್ತಾಗದೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಕೊನೆಗೆ ಅವನೇ, “ಅಕ್ಕಾ, ಅಲ್ಲಿ ಮಳೆ ಬಿಟ್ಟಿತಾ?” ಎಂದ.

“ಇಲ್ಲ ಮಾರಾಯ, ಹೊಯ್ಯುತ್ತಾ ಉಂಟು.”

“ಇಲ್ಲಿಯೂ ಹಾಗೆಯೇ. ಕೊಯ್ಲಿಗೆ ಒಂದು ವಾರ ಬಿಸಿಲು ಬಿದ್ದರೆ ಸಾಕಿತ್ತು. ಮನೆಯಲ್ಲಿ ಎಷ್ಟು ಜನ ಈಗ? ಕಾಳು ಸಾಕಾಗುತ್ತದಾ?”

ಸೊಸೆ ಬಂದಿದ್ದಾಳೆ, ಒಂದು ಮಗುವೂ ಆಗಿದೆ ಎಂದೆ. ಅವನಿಗೆ ಅದು ಗೊತ್ತಿರಲಿಲ್ಲ. ಮುಂದಿನ ವರ್ಷ ಎರಡು ಕಾಳು ಹೆಚ್ಚು ಹಾಕುತ್ತೇನೆ ಎಂದ. ಹಾಕಿದ.