ಹನ್ನೊಂದನೇ ನಂಬರಿಗೆ ಎರಡು ಮೇಜು

ಮಕ್ಕಳೇ, ಮುಳಬಾಗಿಲಿನಲ್ಲಿ ದೋಸೆ ತಿಂದಿದ್ದೀರಾ? ಭಾನುವಾರ ಬೆಳಿಗ್ಗೆ ಹೋಟೆಲು ತುಂಬಿದೆ ಅನ್ನಿ. ಕಾವಲಿ ಮುಂದೆ ನಿಂತವರಿಗೆ ಮೇಜು ಕಾಣುವುದಿಲ್ಲ, ಕೂಗು ಮಾತ್ರ ಕೇಳುತ್ತೆ: "ಹನ್ನೊಂದಕ್ಕೆ ಒಂದು!" ಯಾರೋ ಮರೆತು ಎರಡು ಮೇಜಿಗೂ 11 ಎಂದೇ ಚೀಟಿ ಅಂಟಿಸಿದ್ದಾರೆ. ಎರಡು ಕಡೆಯಿಂದಲೂ ಒಟ್ಟಿಗೆ ಕೂಗು ಬಂತು. ಒಳಗಿನವರು ಒಂದೇ ಅಂದುಕೊಂಡು ಒಂದೇ ದೋಸೆ ಹುಯ್ದರು. ಇನ್ನೊಂದು ಮೇಜಿನವರು ಕಾಯುತ್ತಲೇ ಇದ್ದಾರೆ. ನಮ್ಮ ಕಡೆಯವರಾದರೆ ಎದ್ದು ಬಂದು ಜಗಳ ತೆಗೆಯುತ್ತಾರೆ. ಕಂಪ್ಯೂಟರಿಗೆ ಜಗಳ ಬರುವುದಿಲ್ಲ. ಅದು ಹ್ಯಾಂಗ್ ಆಗುತ್ತೆ.

ಕಂಪ್ಯೂಟರಿನ ಪ್ರೊಸೆಸರ್ ಆ ಕಾವಲಿ ಮುಂದಿನವರ ಹಾಗೆ. ಕೀಲಿಮಣೆ, ಡಿಸ್ಕು ಎಲ್ಲಕ್ಕೂ ಅದನ್ನು ಕೂಗಿ ಕರೆಯಲು ಒಂದೊಂದು ತಂತಿ, ತಂತಿಗೊಂದು ನಂಬರು. ಈ ಕೂಗಿಗೇ ಇಂಟರಪ್ಟ್ ಅನ್ನುವುದು. 1981ರ ಐಬಿಎಂ ಪಿಸಿಯಲ್ಲಿ ಇಂಥ ತಂತಿ ಬರೀ 8. 1984ರಲ್ಲಿ 16 ಆದವು. ಆ ತಂತಿಗಳನ್ನು ನೋಡಿಕೊಳ್ಳುವ ಎರಡು ಚಿಪ್ಪುಗಳನ್ನು ಸೇರಿಸುವುದಕ್ಕೇ ಒಂದು ಖರ್ಚಾಗಿ ಉಳಿದದ್ದು 15. ಗಡಿಯಾರಕ್ಕೆ 0, ಕೀಲಿಮಣೆಗೆ 1, ಹಾರ್ಡ್ ಡಿಸ್ಕಿಗೆ 14. ಆಮೇಲೆ ತಂದು ಸಿಕ್ಕಿಸಿದ ಕಾರ್ಡುಗಳೆಲ್ಲ ಮಿಕ್ಕ ಕೆಲವಕ್ಕೆ ಕಿತ್ತಾಡಬೇಕು.

ಶ್ರೀನಿವಾಸಪುರದ ಮಾವಿನ ಮಂಡಿಯೊಂದರಲ್ಲಿ ಆ ಕಾಲದ ಕಂಪ್ಯೂಟರ್ ಇದೆ ಅಂತ ಊಹಿಸಿಕೊಳ್ಳಿ. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರು, ಎರಡನೇ ಡಿಸ್ಕಿಗೆ ಅಂತ ಇನ್ನೊಂದು ಕಾರ್ಡನ್ನೂ ಹಾಕಿಸಿದರು. ಲೆಕ್ಕ ಬರೆಯುತ್ತಿದ್ದ ಹಾಗೇ ಮೌಸಿನ ಬಾಣ ನಿಂತಲ್ಲೇ ನಿಂತಿತು. ರಿಪೇರಿಯವರು ಡಿಸ್ಕಿನ ಕಾರ್ಡು ಕಿತ್ತರು: ಎಲ್ಲ ಸರಿಹೋಯಿತು. ಅದನ್ನು ಮತ್ತೆ ಹಾಕಿ ಗ್ರಾಫಿಕ್ಸ್ ಕಾರ್ಡನ್ನು ಬದಲಿಸಿದರು: ಆಗಲೂ ಸರಿಹೋಯಿತು! ಹಾಗಾದರೆ ಕೆಟ್ಟದ್ದು ಯಾವುದು? ಯಾವುದೂ ಅಲ್ಲ. ಎರಡಕ್ಕೂ ಸಿಕ್ಕಿದ್ದು 11ನೇ ನಂಬರು. ಈ ಗುಟ್ಟು ಸಿಗಬೇಕಾದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಅವಸರದಲ್ಲಿ ಎರಡನ್ನೂ ಕಿತ್ತರೆ ಏನೂ ತಿಳಿಯುವುದಿಲ್ಲ.

ಹಳೆಯ ಕಾರ್ಡುಗಳಲ್ಲಿ ನಂಬರು ಬದಲಿಸಲು ಜಂಪರ್ ಇರುತ್ತಿತ್ತು. ಅವರೆಕಾಳಿಗಿಂತ ಚಿಕ್ಕ ಪ್ಲಾಸ್ಟಿಕ್ ಟೋಪಿ, ಒಳಗೆ ಚೂರು ಲೋಹ. ಎರಡು ಸೂಜಿಗಳ ಮೇಲೆ ಅದನ್ನು ಕೂರಿಸಿದರೆ ಅವೆರಡಕ್ಕೂ ಸಂಪರ್ಕ. ಬೆರಳಿಂದ ಜಾರಿ ಕ್ಯಾಬಿನೆಟ್ಟಿನೊಳಗೆ ಬಿದ್ದರೆ ಹುಡುಕುವುದೇ ಒಂದು ಕೆಲಸ! 1992ರಲ್ಲಿ ಬಂದ ಪಿಸಿಐ ಕಾರ್ಡುಗಳು ಒಂದೇ ನಂಬರನ್ನು ಹಂಚಿಕೊಳ್ಳಬಲ್ಲವು. "ಕೂಗಿದ್ದು ನೀನಾ?" ಅಂತ ಒಂದೊಂದನ್ನೂ ಕೇಳಿ ತಿಳಿಯುವ ಏರ್ಪಾಡು ಅದು. ಕೇಳಬೇಕಾದ ತಂತ್ರಾಂಶ ಸರಿಯಾಗಿ ಕೇಳದಿದ್ದರೆ ಮತ್ತೆ ಹ್ಯಾಂಗ್. ಆಗ ಎಷ್ಟೋ ಸಲ ಕಾರ್ಡನ್ನು ಪಕ್ಕದ ಸ್ಲಾಟಿಗೆ ಹಾಕಿದರೇ ಸಾಕಾಗುತ್ತಿತ್ತು, ಯಾಕೆಂದರೆ ಸ್ಲಾಟು ಬದಲಾದರೆ ತಂತಿಯೂ ಬದಲಾಗುತ್ತೆ. ಈಗಿನ ಕಾರ್ಡುಗಳು ತಂತಿಯ ಗೊಡವೆ ಬಿಟ್ಟು ಸಂದೇಶವನ್ನೇ ಕಳಿಸುತ್ತವೆ.

ಕೋಲಾರವೋ ಮಾಲೂರೋ, ನಿಮ್ಮ ಶಾಲೆಯ ಬೀರುವಿನಲ್ಲಿ ಕೆಟ್ಟ ಕಂಪ್ಯೂಟರ್ ಇದ್ದರೆ ಮೇಷ್ಟ್ರನ್ನು ಕೇಳಿ, ವೈರು ಕಿತ್ತಿಟ್ಟು, ಅವರ ಜೊತೆ ಕೂತು ಬಿಚ್ಚಿ ನೋಡಿ. ಆ ಪುಟ್ಟ ಟೋಪಿಗಳು ಎಷ್ಟಿವೆ, ಎಣಿಸಿ.