ಹಳೆ ಸೈಕಲ್ ಕೊಳ್ಳುವ ಮುಂಚೆ



ಪಸ್ತಾಪುರದಿಂದ ನಾರಾಯಣಖೇಡ, ತಾಂಡೂರಿನವರೆಗೆ ನಮ್ಮ ಮನೆಗಳಲ್ಲಿ ಒಂದೇ ದಿನಕ್ಕೆ ಎರಡು ಮಾತು ನಡೆಯುತ್ತವೆ. ಅಡುಗೆಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು. ಈ ಎರಡು ಮಾತಿನ ನಡುವೆ ಸಿಕ್ಕಿ ನಾನು ಒಮ್ಮೆ ಮೋಸಹೋದ ಕಥೆಯಿಂದಲೇ ಇವತ್ತಿನ ಮಾತು ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಜಹೀರಾಬಾದಿನಲ್ಲಿ ಒಂದು ಹಳೆ ಸೈಕಲ್ ನೋಡಿದೆ. ಹೊಸ ಬಣ್ಣ ಬಳಿದು ಫಳಫಳ ಹೊಳೆಯುತ್ತಿತ್ತು. ಬೆಲೆ 1,200 ರೂಪಾಯಿ. ಹಿಂದಿನ ಚಕ್ರ ಸ್ವಲ್ಪ ಓಲಾಡಿದಂತೆ ಕಂಡಿತು. "ಗಾಲಿ ಒಂದಿಷ್ಟು ನೋಡಪ್ಪಾ" ಎಂದೆ. ಅವನು ತಲೆಯಾಡಿಸಿ, ಪಂಪು ತಂದು, ಎರಡೂ ಚಕ್ರಕ್ಕೆ ಗಾಳಿ ತುಂಬಿ ಕೊಟ್ಟ! ನಮಗೆ ಗಾಲಿ ಎಂದರೆ ಚಕ್ರ, ತೆಲುಗಿನವರಿಗೆ ಗಾಲಿ ಎಂದರೆ ಗಾಳಿ. ಅವನ ತಪ್ಪೇನೂ ಇಲ್ಲ. ನಾನು ಕಣ್ಣಾರೆ ನೋಡದೆ ಬಾಯಿಮಾತಿಗೆ ಬಿಟ್ಟದ್ದು ತಪ್ಪು. ಊರಿಗೆ ಬರುವಾಗ ಇಳಿಜಾರಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಎದುರಾಯಿತು. ಬ್ರೇಕು ಹಿಡಿದರೆ ಸೊಟ್ಟ ರಿಮ್ಮಿಗೆ ರಬ್ಬರು ಕೂಡಲೇ ಇಲ್ಲ. ಬದಿಯ ತಗ್ಗಿಗೆ ಹಾರಿ ಮೊಣಕಾಲು ಒಡೆದುಕೊಂಡೆ. ಆಮೇಲೆ ರಿಮ್ಮು, ಕಡ್ಡಿ, ಟೈರು ಎಂದು ಮತ್ತೆ 1,100 ರೂಪಾಯಿ ಹೋಯಿತು.

ಆದ್ದರಿಂದ ನನ್ನ ಮೊದಲ ಮಾತು ಇದು. ಹಳೆ ಸೈಕಲ್ಲಿನ ಬೆಲೆ ಮಾರುವವನು ಹೇಳುವುದಷ್ಟೇ ಅಲ್ಲ. ಅವನು ಹೇಳಿದ್ದಕ್ಕೆ ರಿಪೇರಿ ಖರ್ಚು ಕೂಡಿಸಿದರೆ ಬರುವುದೇ ನಿಜವಾದ ಬೆಲೆ. ಮೊದಲು ನಿಮ್ಮೂರಿನ ಪಂಕ್ಚರ್ ಅಂಗಡಿಯಲ್ಲಿ ಟೈರು, ಟ್ಯೂಬು, ಚೈನು, ರಿಮ್ಮು ಇವುಗಳ ದರ ಕೇಳಿಕೊಳ್ಳಿ. ಆಮೇಲೆ ಸೈಕಲ್ ನೋಡಲು ಹೋಗಿ.

ನೋಡುವುದು ಹೇಗೆ? ಮೊದಲು ಫ್ರೇಮು. ಕೊಳವೆಗಳು ಸೇರುವ ಕಡೆ ಬೆರಳಾಡಿಸಿ. ಬಿರುಕು ಇದ್ದರೆ, ಹೊಸದಾಗಿ ವೆಲ್ಡಿಂಗ್ ಮಾಡಿದ ಗಂಟು ಸಿಕ್ಕಿದರೆ, ಮುಂದಿನ ಫೋರ್ಕು ಹಿಂದಕ್ಕೆ ಬಾಗಿದ್ದರೆ, ಪುಕ್ಕಟೆ ಕೊಟ್ಟರೂ ಬೇಡ. ಹೊಸ ಬಣ್ಣ ಇದ್ದಲ್ಲಿ ಎರಡು ಸಲ ನೋಡಿ.

ಎರಡನೆಯದು ಗಾಲಿ. ಸೈಕಲ್ ಎತ್ತಿ ಹಿಡಿದು ಚಕ್ರ ತಿರುಗಿಸಿ, ಬ್ರೇಕಿನ ರಬ್ಬರಿನ ಹತ್ತಿರ ಕಣ್ಣಿಡಿ. ಸ್ವಲ್ಪ ಓಲಾಡಿದರೆ ಕಡ್ಡಿ ಬಿಗಿದು ಬೆಂಡು ತೆಗೆಯಬಹುದು. ರಿಮ್ಮೇ ಮಡಚಿದ್ದರೆ ಹೊಸದು ಬೇಕು.

ಮೂರನೆಯದು ಚೈನು. ಪೆಡಲಿನ ಹಲ್ಲುಚಕ್ರದ ಮುಂಭಾಗದಲ್ಲಿ ಚೈನನ್ನು ಬೆರಳಿನಿಂದ ಎಳೆಯಿರಿ. ಅದು ಎದ್ದು ಅರ್ಧ ಹಲ್ಲು ಕಂಡರೆ ಚೈನು ಸವೆದಿದೆ. ಹಲ್ಲು ಕೊಡಲಿ ಮೊನೆಯಂತೆ ಚೂಪಾಗಿದ್ದರೆ ಅದನ್ನೂ ಬದಲಿಸಬೇಕು. ಪೆಡಲಿನ ದಂಡವನ್ನು ಎಡಬಲ ಅಲ್ಲಾಡಿಸಿ. ಲಟಲಟ ಎಂದರೆ ಒಳಗಿನ ಆಕ್ಸಲ್ಲೋ ಬಾಲ್ಸೋ ಹೋಗಿವೆ.

ಕೊನೆಗೆ ಬ್ರೇಕು. ಎರಡೂ ಬ್ರೇಕು ಹಿಡಿದು ಸೈಕಲ್ಲನ್ನು ಮುಂದೆ ತಳ್ಳಿ ನೋಡಿ. ನಮ್ಮ ಹತ್ತಿರ 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹೈದರಾಬಾದು ಮುಂಬಯಿ ಲಾರಿಗಳು ಓಡಾಡುತ್ತವೆ. ಬ್ರೇಕಿನಲ್ಲಿ ಚೌಕಾಶಿ ಸಲ್ಲದು.

ಈಗ ಹುಡುಗರಿಗೊಂದು ಮಾತು. ಪಟ್ಟಣದಲ್ಲಿ ಬಗ್ಗಿದ ಹ್ಯಾಂಡಲಿನ ರೇಸ್ ಸೈಕಲ್ ಹಳೆಯದು ಅಗ್ಗಕ್ಕೆ ಸಿಕ್ಕೀತು. ಡಾಂಬರಿನ ಮೇಲೆ ಅದು ಹಾರುತ್ತದೆ, ನಿಜ. ಆದರೆ ಅದರ ಟೈರು ತೆಳು, ನಮ್ಮ ಹೊಲದ ದಾರಿಯಲ್ಲಿ ಜಾಲಿಮುಳ್ಳು ಬಹಳ. ಅದರ ಟ್ಯೂಬಿನ ವಾಲ್ವು ಎಷ್ಟೋ ಸಲ ಸಣ್ಣದಿರುತ್ತದೆ, ಹಳ್ಳಿಯ ಪಂಪು ಅದಕ್ಕೆ ಕೂಡುವುದಿಲ್ಲ. ಕಲಿಯುವವನಿಗೆ ಸಾದಾ ಕರಿ ಸೈಕಲ್ಲೇ ಸಾಕು. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರಲ್ಲಿ ಮುಚ್ಚಿತು. ಆದರೂ ಹಳೆ ಅಟ್ಲಾಸಿಗೆ ಸಾಮಾನು ಸಿಗುತ್ತದೆ, ಏಕೆಂದರೆ ಕರಿ ಸೈಕಲ್ಲುಗಳ ಅಳತೆ ಕಂಪನಿ ಯಾವುದಾದರೂ ಹೆಚ್ಚುಕಡಿಮೆ ಒಂದೇ. ಕರಿಮಣ್ಣಿನ ಊರಿನವರು ಮಾತ್ರ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಬೆರಳು ಹೋಗುವಷ್ಟು ಜಾಗ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಜಿಗುಟು ಕೂತು ಸೈಕಲ್ಲನ್ನೇ ಹೊರಬೇಕಾದೀತು.

ಅಕ್ಕತಂಗಿಯರೇ, ಇದೆಲ್ಲ ಗಂಡಸರ ಮಾತು ಎಂದು ರೇಡಿಯೋ ಬಂದ್ ಮಾಡಬೇಡಿ. ತೆಲಂಗಾಣದ ಸರ್ಕಾರಿ ಬಸ್ಸಿನಲ್ಲಿ ನಮಗೆ 2023ರ ಡಿಸೆಂಬರಿನಲ್ಲಿ ಟಿಕೆಟು ತೆಗೆದರು. ಆದರೆ ಬಸ್ಸು ಬರದ ಊರಿಗೆ ಆ ಟಿಕೆಟು ಏನು ಮಾಡೀತು? ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಹೆಂಗಸರಿಗೆ ಸೈಕಲ್ ಕಲಿಸಿದರು. ಆಗ ಜಿಲ್ಲಾಧಿಕಾರಿಯಾಗಿದ್ದವರು ಶೀಲಾ ರಾಣಿ ಚುಂಕತ್. ಕೂಲಿಗೆ ಹೋಗುವವರು, ಕಲ್ಲು ಒಡೆಯುವವರು, ಅಂಗನವಾಡಿಯವರು, ಸಾವಿರ ಸಾವಿರ ಜನ ಕಲಿತರು. ಲೇಡೀಸ್ ಸೈಕಲ್ಲು ಸಾಲದೆ ಹೋದಾಗ ಗಂಡಸರ ಸೈಕಲ್ಲನ್ನೇ ಏರಿದರು. ಮುಂದಿನ ದಂಡದ ಮೇಲೆ ಮಗುವನ್ನು ಕೂರಿಸಬಹುದು ಎಂದು ಅದನ್ನೇ ಮೆಚ್ಚಿದವರೂ ಇದ್ದರು. ಅವರಿಗೆ ಬಂದದ್ದು ನಮಗೆ ಬಾರದೇ?

ಕಲಿಯುವಾಗ ಸೀಟು ತಗ್ಗಿಸಿ, ಎರಡೂ ಪಾದ ನೆಲಕ್ಕೆ ಪೂರಾ ತಾಗಲಿ. ಕಣ ಸಮತಟ್ಟಾಗಿದ್ದರೆ ಅಲ್ಲೇ ಕಲಿಯಿರಿ. ಕೈ ಕೂತ ಮೇಲೆ ಸೀಟು ಏರಿಸಿ, ಇಲ್ಲದಿದ್ದರೆ ಮೊಣಕಾಲು ನೋಯುತ್ತದೆ.

ಒಂದು ಮಾತು ಮರೆಯಬೇಡಿ. ಫ್ರೇಮಿನ ಮೇಲೆ, ಸೀಟಿನ ಕೆಳಗೋ ಪೆಡಲಿನ ಅಡಿಗೋ, ನಂಬರು ಒತ್ತಿರುತ್ತದೆ. ಆ ನಂಬರು, ತಾರೀಖು, ಕೊಟ್ಟ ಹಣ ಬರೆಸಿ ಮಾರಿದವನ ಸಹಿ ಹಾಕಿಸಿಕೊಳ್ಳಿ. ನಂಬರು ಅರೆದು ಅಳಿಸಿದ್ದರೆ ಅದು ಕಳವಿನ ಮಾಲು ಇದ್ದೀತು, ಕೈಮುಗಿದು ಬಂದುಬಿಡಿ.

ಇನ್ನು ಅಂಗಡಿಯಲ್ಲಿ ಯಾವ ಮಾತಾಡಿದರೂ ಸರಿಯೇ, ಬೆರಳು ತೋರಿಸಿ ಕೇಳಿ. ಗಾಲಿಯನ್ನೂ ನೋಡಿ, ಗಾಳಿಯನ್ನೂ ನೋಡಿ. ಸುಖವಾಗಿ ಹೋಗಿಬನ್ನಿ.